ಹೋಂಸ್ಟೇ ಆಯ್ಕೆಯ ಸಮೀಕ್ಷೆಗೆ ಯಾವ ವಿನ್ಯಾಸ?

ಮಡಿಕೇರಿಯ ಸುತ್ತಲಿನ ಹೋಂಸ್ಟೇಗಳನ್ನು ಪ್ರವಾಸಿಗರು ಹೇಗೆ ಆರಿಸುತ್ತಾರೆಂದು ಆನ್‌ಲೈನ್ ಸಮೀಕ್ಷೆಯಿಂದ ತಿಳಿಯಲು ಆರ್ಥೋಗೋನಲ್ ವಿನ್ಯಾಸ (ಗುಣಗಳ ಮಟ್ಟಗಳನ್ನು ಒಂದಕ್ಕೊಂದು ಅಂಟಿಕೊಳ್ಳದಂತೆ ಸಮವಾಗಿ ಬೆರೆಸುವುದು), ಎಲ್ಲರಿಗೂ ಒಂದೇ ಆದ ದಕ್ಷ ವಿನ್ಯಾಸ (ಕಡಿಮೆ ಉತ್ತರಗಳಿಂದ ಹೆಚ್ಚು ನಿಖರತೆ ಬರುವಂತೆ ಆರಿಸಿದ್ದು), ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ವೈಯಕ್ತಿಕ ವಿನ್ಯಾಸ, ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಇಲ್ಲಿ ವಿನ್ಯಾಸವೆಂದರೆ, ಉತ್ತರಿಸುವವರ ಮುಂದೆ ಯಾವ ಯಾವ ಕಾಲ್ಪನಿಕ ಹೋಂಸ್ಟೇಗಳನ್ನು ಆಯ್ಕೆಗೆ ಇಡಬೇಕೆಂಬ ಯೋಜನೆ.

ಮೊದಲು ಸಿದ್ಧತೆಯ ಶ್ರಮ. ಬಾಡಿಗೆ, ದೂರ, ಊಟ, ಕಾಫಿ ತೋಟದ ಸುತ್ತಾಟ ಎಂಬ ನಾಲ್ಕು ಗುಣಗಳಿಗೆ ಮೂರು ಮೂರು ಮಟ್ಟಗಳಿದ್ದರೆ 81 ಸಂಯೋಜನೆಗಳಾಗುತ್ತವೆ. ಆರ್ಥೋಗೋನಲ್ ಕೋಷ್ಟಕ ಅವನ್ನು 9ಕ್ಕೆ ಇಳಿಸುತ್ತದೆ ಮತ್ತು ಅದಕ್ಕೆ ಯಾವ ಪೂರ್ವ ಅಂದಾಜೂ ಬೇಕಿಲ್ಲ. ದಕ್ಷ ವಿನ್ಯಾಸಕ್ಕೆ ಗುಣಾಂಕಗಳ (ಆಯ್ಕೆಯಲ್ಲಿ ಪ್ರತಿ ಗುಣಕ್ಕಿರುವ ತೂಕದ) ಅಂದಾಜು ಬೇಕಾದ್ದರಿಂದ ಮೊದಲೊಂದು ಸಣ್ಣ ಸಮೀಕ್ಷೆ ನಡೆಸುವುದು ಒಳ್ಳೆಯದು; ಅಂದಾಜು ಸರಿಯಿದ್ದರೆ ಕಡಿಮೆ ಜನರಿಂದಲೇ ಅಷ್ಟೇ ನಿಖರತೆ ದೊರೆಯುತ್ತದೆ, ತಪ್ಪಿದರೆ ಆ ಲಾಭ ಕರಗುತ್ತದೆ.

ಪ್ರಶ್ನೆಯ ನೈಜತೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಳೆದ ಬಾರಿ ರಾತ್ರಿಗೆ 1,500 ರೂಪಾಯಿ ಕೊಟ್ಟವರಿಗೆ 7,200 ರೂಪಾಯಿಯ ಕೋಣೆ ತೋರಿಸಿದರೆ ಅವರು ಬೇರೇನನ್ನೂ ನೋಡದೆ ಮುಂದೆ ಸಾಗುತ್ತಾರೆ. ವೈಯಕ್ತಿಕ ವಿನ್ಯಾಸದಲ್ಲಿ ಅವರು ಕೊಟ್ಟ ದರ, ಅದಕ್ಕಿಂತ ಶೇ. 20 ಕಡಿಮೆ ಮತ್ತು ಶೇ. 20 ಹೆಚ್ಚು ಎಂದಿಟ್ಟರೆ ಅವರಿಗೆ ಕಾಣುವುದು 1,200, 1,500, 1,800. 6,000 ಕೊಟ್ಟವರಿಗೆ 4,800, 6,000, 7,200. ಶೇಕಡಾವಾರು ಒಂದೇ ಆದರೂ ರೂಪಾಯಿಯ ಅಂತರ ಬೇರೆಯಾಗುವುದರಿಂದ, ಒಬ್ಬರಿಗೆ ದಕ್ಷವಾದ ವಿನ್ಯಾಸ ಇನ್ನೊಬ್ಬರಿಗೆ ಹಾಗಿರಬೇಕೆಂದಿಲ್ಲ.

ವೇಗದಲ್ಲಿ ವೈಯಕ್ತಿಕ ವಿನ್ಯಾಸ ಹಿಂದೆ ಬೀಳುತ್ತದೆ: ಅವರ ವಿನ್ಯಾಸವನ್ನು ಅಲ್ಲೇ ರಚಿಸುವ ಲೆಕ್ಕ ಮುಗಿಯುವವರೆಗೆ ಉತ್ತರಿಸುವವರು ಕಾಯಬೇಕು, ಬೆಟ್ಟದ ಊರಿನ ದುರ್ಬಲ ನೆಟ್‌ವರ್ಕ್‌ನಲ್ಲಿ ಅದು ಇನ್ನೂ ಕಷ್ಟ.

ಪೂರ್ವಮಾಹಿತಿ ಏನೂ ಇಲ್ಲದಿದ್ದರೆ ಆರ್ಥೋಗೋನಲ್ ವಿನ್ಯಾಸದಿಂದ ಆರಂಭಿಸಿ. ಅತಿಥಿಗಳೆಲ್ಲ ಹೆಚ್ಚುಕಡಿಮೆ ಒಂದೇ ದರದವರಾಗಿದ್ದು, ಸಿಗುವವರ ಸಂಖ್ಯೆ ಕಡಿಮೆಯಿದ್ದರೆ ದಕ್ಷ ವಿನ್ಯಾಸ ಸಾಕು. ದರಗಳು ತೀರಾ ಚದುರಿದ್ದರೆ ವೈಯಕ್ತಿಕ ವಿನ್ಯಾಸಕ್ಕೆ ಹೋಗಿ. ತಂತ್ರಜ್ಞರ ನೆರವಿಲ್ಲದಿದ್ದಲ್ಲಿ ಮೂರು ನಾಲ್ಕು ದರಗುಂಪುಗಳಿಗೆ ವಿನ್ಯಾಸಗಳನ್ನು ಮೊದಲೇ ರಚಿಸಿಟ್ಟು, ಕಳೆದ ಬಾರಿ ಎಷ್ಟು ಕೊಟ್ಟಿರಿ ಎಂಬ ಮೊದಲ ಪ್ರಶ್ನೆಯ ಉತ್ತರದ ಆಧಾರದಲ್ಲಿ ಹಂಚಬಹುದು.