ಯೆರೆಮೀಯನೋ ಯೆಹೆಜ್ಕೇಲನೋ: ಮೊದಲು ಯಾರನ್ನು ಓದಬೇಕು?

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೇನೆ ಯೆರೂಸಲೇಮನ್ನೂ ಅದರ ದೇವಾಲಯವನ್ನೂ ನಾಶಮಾಡಿದ ಕಾಲದ ಬೈಬಲಿನ ಈ ಇಬ್ಬರು ಯೆಹೂದಿ ಪ್ರವಾದಿಗಳ ಗ್ರಂಥಗಳಲ್ಲಿ ಆಯ್ಕೆ ಅಷ್ಟು ಸುಲಭವಲ್ಲ.

ಯೆರೆಮೀಯ ನಗರದೊಳಗೇ ಇದ್ದು ಎಲ್ಲವನ್ನೂ ಕಂಡವನು. ಅವನ ಪಾಲಿಗೆ ವಿನಾಶವೆಂದರೆ ದೇವರೊಂದಿಗಿನ ಒಡಂಬಡಿಕೆಯನ್ನು ಮುರಿದು, ಅನಾಥರನ್ನೂ ವಿಧವೆಯರನ್ನೂ ಪರದೇಶಿಗಳನ್ನೂ ಪೀಡಿಸಿದ ಸಮಾಜಕ್ಕೆ ಬಂದ ತೀರ್ಪು. ಆದರೂ ಮುತ್ತಿಗೆ ನಡೆದಿರುವಾಗಲೇ, ತಾನು ಸೆರೆಯಲ್ಲಿದ್ದುಕೊಂಡು, ಅವನು ತನ್ನ ಊರಾದ ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಆ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯವಹಾರ ಮತ್ತೆ ನಡೆಯುವುದೆಂಬ ಭರವಸೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ಕಂಡಿಲ್ಲ.

ಯೆಹೆಜ್ಕೇಲ ಯಾಜಕ, ಬಾಬಿಲೋನಿಗೆ ಗಡೀಪಾರಾದವರ ನಡುವೆ, ಕೆಬಾರ್ ಕಾಲುವೆಯ ಬಳಿ ದರ್ಶನ ಪಡೆದವನು. ದೇವಮಹಿಮೆ ದೇವಾಲಯವನ್ನು ತೊರೆಯುವುದೇ ಅವನಿಗೆ ನಿಜವಾದ ವಿನಾಶ. 37ನೆಯ ಅಧ್ಯಾಯದಲ್ಲಿ ಒಣಮೂಳೆಗಳು ಜೀವ ತಳೆಯುವುದೂ 43ನೆಯದರಲ್ಲಿ ಆ ಮಹಿಮೆ ಮರಳುವುದೂ ನವೀಕರಣ. ಕೊನೆಯ ಒಂಬತ್ತು ಅಧ್ಯಾಯಗಳಲ್ಲಿ ಬರುವ, ದರ್ಶನದಲ್ಲಿ ಕಂಡ ಹೊಸ ದೇವಾಲಯದ ಅಳತೆಗಳು ಮಾತ್ರ ತಾಳ್ಮೆಯನ್ನು ಬೇಡುತ್ತವೆ.

ಯೆರೆಮೀಯನ ಗ್ರಂಥ ಕಾಲಾನುಕ್ರಮದಲ್ಲಿಲ್ಲ, ಯೆಹೆಜ್ಕೇಲನದು ಬಹುಮಟ್ಟಿಗೆ ಇದೆ. ಆದ್ದರಿಂದ ಕ್ರಮಬದ್ಧ ಓದು ಬೇಕಾದವರು ಯೆಹೆಜ್ಕೇಲನಿಂದ ಆರಂಭಿಸಬಹುದು. ಪ್ರವಾದಿಯ ಸ್ವಂತ ಅಳಲನ್ನೂ ಕೇಳಬಯಸುವವರಿಗೆ ಯೆರೆಮೀಯನೇ ಸೂಕ್ತ, ಅದರಲ್ಲೂ ದೇವರು ತನ್ನ ಜನರೊಂದಿಗೆ ಹೊಸದಾಗಿ ಮಾಡಿಕೊಳ್ಳುವ ಒಡಂಬಡಿಕೆಯ ಮಾತಿರುವ 31ನೆಯ ಅಧ್ಯಾಯವನ್ನು ಬಿಡದೆ ಓದಬೇಕು.