ಸಹೋದ್ಯೋಗಿಯ ಸಾವಿನ ನಂತರ ದೊರೆತ ಆಪ್ತಸಮಾಲೋಚನೆ: ಒಂದು ಅಭಿಪ್ರಾಯ

ಪೀಣ್ಯದ ನಮ್ಮ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಹನ್ನೆರಡು ವರ್ಷ ಜೊತೆಗಿದ್ದ ಹಿರಿಯರೊಬ್ಬರು ಒಂದು ಭಾನುವಾರ ಹೃದಯಾಘಾತದಿಂದ ತೀರಿಕೊಂಡರು. ಅದಾದ ಮೇಲೆ ಆಡಳಿತ ವರ್ಗವು ನೌಕರರಿಗಾಗಿ ಖಾಸಗಿ ಆಪ್ತಸಮಾಲೋಚನಾ ಸಂಸ್ಥೆಯೊಂದನ್ನು ಎರಡು ವಾರಗಳ ಮಟ್ಟಿಗೆ ಗೊತ್ತುಮಾಡಿತು. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಆರಂಭ ಸರಿಯಿರಲಿಲ್ಲ. ಮೂರನೆಯ ದಿನ, ಅವರ ಮನೆಯಲ್ಲಿ ಹಾಲುತುಪ್ಪ ನಡೆಯುತ್ತಿದ್ದ ಹೊತ್ತಿಗೆ, ನಲವತ್ತು ಜನರನ್ನು ತರಬೇತಿ ಕೊಠಡಿಯಲ್ಲಿ ಸುತ್ತ ಕೂರಿಸಿ, ಸುದ್ದಿ ಕೇಳಿದಾಗ ಏನನ್ನಿಸಿತೆಂದು ಒಬ್ಬೊಬ್ಬರೂ ಹೇಳಬೇಕೆಂದರು, ಅದೂ ಇಂಗ್ಲಿಷಿನಲ್ಲಿ. ಹೀಗೆ ಒಂದೇ ಕೂಟದಲ್ಲಿ ಎಲ್ಲರ ಬಾಯಿಂದ ಸಂಕಟವನ್ನು ಹೊರಡಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅದರ 2011ರ ಕೈಪಿಡಿಯ ಪ್ರಕಾರ ಮಾನಸಿಕ ಪ್ರಥಮ ಚಿಕಿತ್ಸೆಯೆಂದರೆ ಗಮನಿಸುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವು ಸಿಗುವಲ್ಲಿಗೆ ತಲುಪಿಸುವುದು. ಮಾತನಾಡೆಂದು ಒತ್ತಾಯಿಸುವುದು ಅದರಲ್ಲಿಲ್ಲ.

ನಮ್ಮ ದೂರಿನ ನಂತರ ಬಂದ ಕನ್ನಡದ ಸಮಾಲೋಚಕಿ ಮಾತ್ರ ಬೇರೆಯದೇ ರೀತಿಯವರು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಕುಳಿತು, ಬಂದವರೊಡನೆ ಮಾತ್ರ ಮಾತನಾಡಿದರು. ನನ್ನನ್ನು ಅವರು ಕೇಳಿದ ಮೊದಲ ಪ್ರಶ್ನೆಯೇ, "ಅವರ ಕೆಲಸ ಈಗ ಯಾರ ಮೇಲೆ ಬಿದ್ದಿದೆ?" ಎಂದು. ಬಿದ್ದಿದ್ದು ನನ್ನ ಮೇಲೆಯೇ. ತೀರಿಕೊಂಡ ಹಿರಿಯರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ವೋಚರುಗಳನ್ನು ತೆರೆದಾಗಲೆಲ್ಲ ಕೈ ನಿಲ್ಲುತ್ತಿತ್ತು. ಸಮಾಲೋಚಕಿ ನನ್ನ ಒಪ್ಪಿಗೆ ಪಡೆದು ವ್ಯವಸ್ಥಾಪಕರೊಡನೆ ಮಾತನಾಡಿ ಆ ಕೆಲಸವನ್ನು ಮೂವರಿಗೆ ಹಂಚಿಸಿದರು. ತಿಥಿಯವರೆಗೆ ಕುರ್ಚಿಯನ್ನು ಎತ್ತಬೇಡಿ, ಮೇಜಿನ ಖಾನೆಯನ್ನು ಜೊತೆಯವರೇ ತೆರವು ಮಾಡಲಿ ಎಂದರು. ಅದರಲ್ಲಿದ್ದದ್ದು ಒಂದು ಕನ್ನಡಕದ ಡಬ್ಬಿ, ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ರೀಫಿಲ್‌ಗಳು ಮತ್ತು ನಮ್ಮೆಲ್ಲರ ಕಾಫಿ ಬಾಕಿಯ ಚೀಟಿ.

ಕುಟುಂಬಕ್ಕೆ ಸಲ್ಲಬೇಕಾದ ಭವಿಷ್ಯನಿಧಿ, ಪಿಂಚಣಿ, ಭವಿಷ್ಯನಿಧಿಗೆ ಸೇರಿದಂತೆ ಇರುವ ಗರಿಷ್ಠ 7 ಲಕ್ಷ ರೂಪಾಯಿಯ ವಿಮೆ, ಇವುಗಳ ಅರ್ಜಿಗಳನ್ನು ತುಂಬಿಕೊಡಲು ನಮ್ಮ ವಿಭಾಗದವರನ್ನೇ ಹಚ್ಚಿದ್ದೂ ಅವರೇ. ಯಾವ ಮಾತುಕತೆಗಿಂತಲೂ ಆ ಎರಡು ಸಂಜೆಗಳು ನಮಗೆ ಹೆಚ್ಚು ಸಮಾಧಾನ ಕೊಟ್ಟವು.

ಕೊರತೆಗಳು ಸಣ್ಣವಲ್ಲ. ಚಿಕಿತ್ಸೆಯ ಗೌಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕೆಂದೇ ಹೇಳಿರುವಾಗ, ಇಲ್ಲಿ ಕೋಣೆಯ ಬಾಗಿಲಲ್ಲೇ ಹೆಸರು ಬರೆಸಿಕೊಳ್ಳುವ ರಿಜಿಸ್ಟರ್ ಇಟ್ಟಿದ್ದರಿಂದ ಕೆಲವರು ಅತ್ತ ಸುಳಿಯಲೇ ಇಲ್ಲ. ಗುತ್ತಿಗೆ ನೌಕರರಿಗೆ ಈ ಸೇವೆಯೇ ಇರಲಿಲ್ಲ. ದಿನಕ್ಕೆರಡು ಬಾರಿ ಆ ಹಿರಿಯರ ಮೇಜಿಗೆ ಕಾಫಿ ತಂದಿಡುತ್ತಿದ್ದ ಕ್ಯಾಂಟೀನಿನ ಅಕ್ಕನಿಗೆ ನಾನು ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಉಚಿತ ಸಹಾಯವಾಣಿ ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲಿ ಮಾತನಾಡುತ್ತದೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಎರಡು ವಾರದ ಅವಧಿಯೂ ಸಾಲದು. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ ನಮ್ಮಲ್ಲಿ ಇಬ್ಬರು ಕುಸಿದು ಕುಳಿತಾಗ ಆ ಕೋಣೆಗೆ ಬೀಗ ಬಿದ್ದಿತ್ತು. ಸಮಾಲೋಚಕಿಯೊಬ್ಬರ ಕಾರಣಕ್ಕೆ ಐದರಲ್ಲಿ ಮೂರು ಅಂಕ ಕೊಟ್ಟಿದ್ದೇನೆ. ಅಂಕ ಕೊಡಲು ಕಳುಹಿಸಿದ ನಮೂನೆಯೂ ಇಂಗ್ಲಿಷಿನಲ್ಲೇ ಇತ್ತು.