ಹೊಸಬರಿಗೆ ಟ್ರೈನಿಂಗ್ ಕೊಡುವವರು ದಯವಿಟ್ಟು ಓದಿ

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಟ್ರೈನಿಂಗ್ ಸಿದ್ಧ ಮಾಡುವ ಹೊಣೆ ನಿಮ್ಮ ಮೇಲಿದ್ದರೆ, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ನಾನಿದ್ದ ಕಾರ್ಖಾನೆಯಲ್ಲಿ ಇಂಡಕ್ಷನ್, ಅಂದರೆ ಹೊಸಬರ ಆರಂಭದ ಟ್ರೈನಿಂಗ್ ರೂಪಿಸುವ ಕೆಲಸ ನನಗೆ ಬಂತು. ರಜೆ, ಸಂಬಳ, ಶಿಸ್ತು, ಸುರಕ್ಷತೆ, ಯಂತ್ರ ಎಲ್ಲವನ್ನೂ ಎರಡೇ ದಿನಕ್ಕೆ ತುರುಕಿದೆ. ಒಟ್ಟು 140 ಸ್ಲೈಡ್. ಯಾವುದೂ ಬಿಟ್ಟುಹೋಗಬಾರದು ಅನ್ನೋದೊಂದೇ ತಲೆಯಲ್ಲಿತ್ತು. ಕೊನೆಗೆ ಎಲ್ಲರೂ ಟ್ರೈನಿಂಗ್ ಆಯಿತು ಎಂದು ಸಹಿ ಹಾಕಿದರು. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ‘ತುಂಬಾ ಚೆನ್ನಾಗಿತ್ತು’ ಎಂದು ಬರೆದರು. ನಾನು ನಂಬಿಬಿಟ್ಟೆ.

ಮೂರನೇ ವಾರ ಪ್ಯಾಕಿಂಗ್ ಯಂತ್ರದಲ್ಲಿ ರಟ್ಟು ಸಿಕ್ಕಿಕೊಂಡಿತು. ಹೊಸ ಹುಡುಗ ಯಂತ್ರ ನಿಲ್ಲಿಸದೆ ಕೈ ಹಾಕಿದ. ಎರಡು ಬೆರಳು ಜಜ್ಜಿಹೋದವು. ಮೊದಲು ಕರೆಂಟ್ ತೆಗೆದು, ಸ್ವಿಚ್‌ಗೆ ಬೀಗ ಹಾಕಿ, ಆಮೇಲೆ ಕೈ ಹಾಕಬೇಕು ಎಂದು ಸ್ಲೈಡ್‌ನಲ್ಲಿತ್ತು. ವಿಚಾರಣೆಯಲ್ಲಿ ಮೇಲಿನವರು ಅವನ ಸಹಿ ತೋರಿಸಿ ‘ಹೇಳಿಕೊಟ್ಟಿದ್ದೆವಲ್ಲ’ ಎಂದರು. ಆ ಕಾಗದ ತಂದುಕೊಟ್ಟವಳು ನಾನೇ. ಇವತ್ತಿಗೂ ಅದು ನೋಯುತ್ತದೆ. ನೋಡಲು ಹೋದಾಗ ಅವನು ಜಗಳವಾಡಲಿಲ್ಲ. ‘ಮೇಡಂ, ಆ ಸ್ವಿಚ್ ಯಾವ ಕಡೆ ಇದೆ ಅಂತಲೇ ಯಾರೂ ತೋರಿಸಿರಲಿಲ್ಲ’ ಎಂದ. ನಿಜವಾಗಿತ್ತು. ನನ್ನ ಸ್ಲೈಡ್‌ನಲ್ಲಿದ್ದದ್ದು ಬೇರೆ ಮಾಡೆಲ್‌ನ ಚಿತ್ರ.

ಆಮೇಲೆ ಓದಲು ಕೂತೆ. ಟ್ರೈನಿಂಗನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದು ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಹಾಗೇ ಮಾಡುತ್ತಿದ್ದಾರೆಯೇ, ಫಲ ಸಿಕ್ಕಿತೇ. ನಾನು ಮೊದಲನೆಯದನ್ನಷ್ಟೇ ಅಳೆದು ಖುಷಿಪಟ್ಟಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಜನ ಗುಂಪುಗುಂಪಾಗಿ ಸೇರಿದರು. ಆಗ ಸೂಪರ್‌ವೈಸರ್‌ಗಳಿಗೆ ಕಲಿಸಿದ ಕ್ರಮ ಎಷ್ಟು ಸರಳ ನೋಡಿ. ಕಲಿಯುವವರನ್ನು ಸಿದ್ಧಗೊಳಿಸಿ, ಕೆಲಸ ಮಾಡಿ ತೋರಿಸಿ, ಅವರಿಂದ ಮಾಡಿಸಿ, ಆಮೇಲೂ ಬಂದು ನೋಡುತ್ತಿರಿ. ನನ್ನ ಎರಡು ದಿನದಲ್ಲಿ ‘ಮಾಡಿಸಿ’ ಅನ್ನುವುದು ಇರಲೇ ಇಲ್ಲ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಜೀವಕ್ಕೆ ಅಪಾಯ ಇರುವ ಕೆಲಸಗಳನ್ನು ಸ್ಲೈಡ್‌ನಿಂದ ತೆಗೆದು ಯಂತ್ರದ ಮುಂದೆಯೇ ಕಲಿಸಿ. ರಜೆ ನಿಯಮ ಮುಂದಿನ ವಾರಕ್ಕಿರಲಿ, ಅವಸರ ಇಲ್ಲ ಅಲ್ವಾ? ಅವರು ನಿಮ್ಮೆದುರು ಸರಿಯಾಗಿ ಮಾಡಿ ತೋರಿಸುವ ತನಕ ಸಹಿ ಹಾಕಿಸಬೇಡಿ. ‘ಲೈನ್ ನಿಂತಿದೆ, ಬೇಗ ಕಳಿಸಿ’ ಎಂದು ಮೇಲಿನವರು ಒತ್ತಾಯ ಮಾಡುತ್ತಾರೆ. ಒಪ್ಪಬೇಡಿ. ಮೊದಲ ತಿಂಗಳು ಒಬ್ಬ ಹಳಬರನ್ನು ಜೊತೆಗೆ ಹಾಕಿ, ಆ ಹಳಬರ ದಿನದ ಟಾರ್ಗೆಟ್ ಕಡಿಮೆ ಮಾಡಿಸಿ. ಇಲ್ಲದಿದ್ದರೆ ಹೇಳಿಕೊಡಲು ಅವರಿಗೆ ಪುರುಸೊತ್ತೇ ಇರುವುದಿಲ್ಲ.